ಕೈಗೆಟುಕಿದ ಬೇಟೆ: ಕೃಷ್ಣಮೃಗದ ಬೆದೆಗಾಲ ಮತ್ತು ನಮ್ಮ ಬಯಲಿನ ಇತಿಹಾಸ

ಉತ್ತರೆ ಮಳೆ ಹುಟ್ಟಿ ಹಸ್ತ, ಚಿತ್ತೆ ಮಳೆಗಳು ಮುಗಿಯುವವರೆಗಿನ ದಿನಗಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತನ ಪಾಲಿಗೆ ಇಡೀ ವರ್ಷದ ಹಣೆಬರಹ ಬರೆಯುವ ದಿನಗಳು. ಈ ಮಳೆ ಬಂದರೆ ಕಡಲೆಕಾಯಿ ಗಿಡದ ಬುಡದಲ್ಲಿ ಕಾಯಿ ಕಟ್ಟುತ್ತದೆ, ರಾಗಿ ತೆನೆ ಒಡೆಯುತ್ತದೆ. ಬರದಿದ್ದರೆ ಸಾಲ ಉಳಿಯುತ್ತದೆ. ಇದೇ ದಿನಗಳಲ್ಲಿ ನಮ್ಮ ಬಯಲಿನಲ್ಲಿ ಇನ್ನೊಂದು ಜೀವದ ಹಣೆಬರಹವೂ ಬರೆಯಲ್ಪಡುತ್ತದೆ. ಅದೇ ಕೃಷ್ಣಮೃಗ. ಊರಿನ ಜನ ಅದನ್ನು ಬರೀ 'ಜಿಂಕೆ' ಎಂದು ಕರೆಯುತ್ತಾರೆ.

ಬಡವನಹಳ್ಳಿಯಿಂದ ಮಧುಗಿರಿಗೆ ಬಂದು ಅಲ್ಲಿಂದ ಪೂರ್ವದಿಕ್ಕಿಗೆ ಸಾಗಿದರೆ, ಆಂಧ್ರದ ಗಡಿಗೆ ಸಮೀಪದಲ್ಲಿ ಮೈದನಹಳ್ಳಿ ಸಿಗುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರಿನಲ್ಲೇ ಇಲ್ಲಿನ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮೈಸೂರಿನ ಮೃಗಾಲಯಕ್ಕೆ ಪ್ರವಾಸ ಹೋಗಿ ಬಂದಿರುತ್ತಾರೆ. ಆದರೆ ತಮ್ಮದೇ ತಾಲ್ಲೂಕಿನಲ್ಲಿ ಬೇಲಿಯಿಲ್ಲದೆ ಓಡಾಡುವ ಕೃಷ್ಣಮೃಗವನ್ನು ನೋಡಿದವರು ಕಡಿಮೆ. ಆ ಪ್ರಾಣಿಯನ್ನು ನಮ್ಮ ಪೂರ್ವಿಕರು ಹೇಗೆ ಅರಿತಿದ್ದರು, ಆ ಅರಿವನ್ನು ಬೇಟೆಗೆ ಹೇಗೆ ಬಳಸಿದರು, ಕೊನೆಗೆ ಅದರಿಂದ ಏನಾಯಿತು ಎಂಬುದು ಇತಿಹಾಸದ ಒಂದು ಮುಖ್ಯ ಪಾಠ. ಈ ಲೇಖನದ ಉದ್ದೇಶ ಆ ಪಾಠವನ್ನು ಓದುಗರ ಮುಂದಿಡುವುದು.

ಪ್ರಾಣಿಯ ಪರಿಚಯ

ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಚುಕ್ಕೆ ಜಿಂಕೆ, ಕಡವೆ ಮುಂತಾದವು ಜಿಂಕೆಯ ಜಾತಿಗೆ ಸೇರಿದವು. ಅವುಗಳ ಗಂಡಿಗೆ ಕವಲೊಡೆದ ಕೊಂಬು ಇರುತ್ತದೆ. ಅದು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಹಾಗಲ್ಲ. ಅದಕ್ಕೆ ಕವಲಿಲ್ಲ, ಅದು ಉದುರುವುದೂ ಇಲ್ಲ. ತಿರುಪು ತಿರುಪಾಗಿ ಮೇಲೇರುವ ಆ ಕೊಂಬು ಪ್ರಾಣಿ ಬದುಕಿರುವಷ್ಟು ಕಾಲ ಅದರ ತಲೆಯ ಮೇಲೆಯೇ ಇರುತ್ತದೆ. ಹೀಗಾಗಿ ಪ್ರಾಣಿಶಾಸ್ತ್ರಜ್ಞರು ಇದನ್ನು ದನ, ಕುರಿ, ಮೇಕೆಗಳ ದೊಡ್ಡ ಕುಟುಂಬಕ್ಕೆ ಸೇರಿಸುತ್ತಾರೆ. ಆದರೂ ಕನ್ನಡದಲ್ಲಿ ಎರಡಕ್ಕೂ ಜಿಂಕೆ ಎನ್ನುವುದು ರೂಢಿಯಾಗಿದೆ.

ಹೆಣ್ಣುಗಳು ಮತ್ತು ಮರಿಗಳು ಹಳದಿ ಮಿಶ್ರಿತ ಕಂದು ಬಣ್ಣದವು. ಬೆಳೆದ ಗಂಡಿನ ಬೆನ್ನು ಕಡುಗಂದು ಅಥವಾ ಕಪ್ಪು, ಹೊಟ್ಟೆ ಅಚ್ಚ ಬಿಳುಪು, ಕಣ್ಣಿನ ಸುತ್ತ ಬಿಳಿಯ ಉಂಗುರ. ಮಳೆಗಾಲ ಕಳೆದ ಮೇಲೆ ಕಪ್ಪು ಗಾಢವಾಗುತ್ತದೆ, ಬೇಸಿಗೆಯಲ್ಲಿ ಮಾಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಈ ಪ್ರಾಣಿ ದಟ್ಟ ಕಾಡನ್ನು ಇಷ್ಟಪಡುವುದಿಲ್ಲ. ಅದಕ್ಕೆ ಬೇಕಾಗಿರುವುದು ಗಿಡ್ಡ ಹುಲ್ಲಿನ ಬಟ್ಟಬಯಲು. ಏಕೆಂದರೆ ಅದರ ರಕ್ಷಣೆ ಇರುವುದು ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರದಿಂದಲೇ ಶತ್ರುವನ್ನು ಕಂಡು ಓಡಿಹೋಗುವುದೇ ಅದರ ಉಪಾಯ. ಒಂದು ಪ್ರಾಣಿ ಹೆದರಿ ಚಂಗನೆ ಎತ್ತರಕ್ಕೆ ನೆಗೆದರೆ ಸಾಕು, ಇಡೀ ಹಿಂಡು ಎಚ್ಚರಗೊಳ್ಳುತ್ತದೆ.

ಇಂತಹ ಜಾಗರೂಕ ಪ್ರಾಣಿಯೂ ವರ್ಷದಲ್ಲಿ ಕೆಲವು ವಾರ ಎಚ್ಚರ ತಪ್ಪುತ್ತದೆ. ಅದೇ ಬೆದೆಗಾಲ. ಕೃಷ್ಣಮೃಗ ವರ್ಷದ ಯಾವ ತಿಂಗಳಲ್ಲಾದರೂ ಮರಿ ಹಾಕಬಹುದಾದರೂ ಕೂಡುವ ಕಾಲ ಮುಖ್ಯವಾಗಿ ಎರಡು: ಒಂದು ಮಾರ್ಚ್‌ನಿಂದ ಮೇ, ಇನ್ನೊಂದು ಆಗಸ್ಟ್‌ನಿಂದ ಅಕ್ಟೋಬರ್. ಎರಡನೆಯದು ನಮ್ಮ ಶರದೃತುವಿನ ಹೊಸ್ತಿಲು. ಆಗ ಬಲಿಷ್ಠ ಗಂಡೊಂದು ಹಿಂಡನ್ನು ಬಿಟ್ಟು ಬಯಲಿನಲ್ಲಿ ಒಂದು ಠಾವನ್ನು ತನ್ನದಾಗಿಸಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ರಾಶಿ ಮಾಡುತ್ತದೆ. ಕಣ್ಣಿನ ಮುಂಭಾಗದಲ್ಲಿರುವ ಗ್ರಂಥಿಯ ಸ್ರಾವವನ್ನು ಹುಲ್ಲುಕಡ್ಡಿಗೂ ಪೊದೆಗೂ ಸವರುತ್ತದೆ. ಇದು ಅದರ ಗಡಿಕಲ್ಲು. ಆ ಗಡಿಯೊಳಗೆ ಮೂತಿಯನ್ನು ಮೇಲೆತ್ತಿ, ಕೊಂಬನ್ನು ಬೆನ್ನಿನ ಮೇಲಕ್ಕೆ ಒರಗಿಸಿ, ಬಾಲ ಸುರುಳಿ ಮಾಡಿ, ಗೊರಗೊರ ಸದ್ದು ಮಾಡುತ್ತಾ ಗತ್ತಿನಿಂದ ತಿರುಗುತ್ತದೆ. ಬೇರೆ ಗಂಡು ಕಾಲಿಟ್ಟರೆ ಕೊಂಬಿಗೆ ಕೊಂಬು ಹಾಕಿ ಕಾದಾಡುತ್ತದೆ. ಈ ದಿನಗಳಲ್ಲಿ ಅದಕ್ಕೆ ಮೇವಿನ ಗಮನ ಕಡಿಮೆ. ಓಡಿಸಿದರೂ ಅದು ಹೆಚ್ಚು ದೂರ ಹೋಗದೆ ಸುತ್ತು ಹೊಡೆದು ಅದೇ ಠಾವಿಗೆ ಮರಳುತ್ತದೆ. ಠಾವು ಸಿಗದ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಂಡು ಅಂಚಿನಲ್ಲಿ ಕಾಯುತ್ತವೆ.

ಯುರೋಪಿನ ಕೆಂಪು ಜಿಂಕೆಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹೀಗೆಯೇ ಬೆದೆಗೆ ಬಂದು ಗರ್ಜಿಸುತ್ತದೆ. ಅಲ್ಲಿನ ಬೇಟೆಗಾರರು ಎದುರಾಳಿಯ ಗರ್ಜನೆಯನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆಸಿಕೊಳ್ಳುತ್ತಾರೆ. ನಮ್ಮ ನಾಡಿನ ಬೇಟೆಗಾರರು ಇದಕ್ಕಿಂತಲೂ ಚತುರವಾದ ಉಪಾಯವನ್ನು ಕಂಡುಕೊಂಡಿದ್ದರು.

ಕೊಂಬಿಗೆ ಕಟ್ಟಿದ ಉರುಲು

ಆ ಉಪಾಯ ಹೀಗಿತ್ತು. ಒಂದು ಗಂಡು ಕೃಷ್ಣಮೃಗವನ್ನು ಹಿಡಿದು ಚೆನ್ನಾಗಿ ಪಳಗಿಸುವುದು. ಅದರ ಕೊಂಬುಗಳಿಗೆ ಉರುಲುಗಳನ್ನೋ ಬಲೆಯನ್ನೋ ಸುತ್ತಿ, ಕಾಡುಮೃಗ ಠಾವು ಹಿಡಿದಿರುವ ಬಯಲಿಗೆ ಬಿಡುವುದು. ಹೊಸ ಗಂಡನ್ನು ಕಂಡ ಕೂಡಲೇ ಠಾವಿನ ಒಡೆಯ ಸಿಟ್ಟಿನಿಂದ ನುಗ್ಗಿ ಬರುತ್ತದೆ. ಎರಡೂ ತಲೆಬಾಗಿಸಿ ಕೊಂಬು ಕೂಡಿಸುತ್ತವೆ. ಕಾದಾಟದ ನಡುವೆ ಕಾಡುಮೃಗದ ಕೊಂಬು, ಕಾಲು ಅಥವಾ ಕಿವಿ ಉರುಲಿಗೆ ಸಿಕ್ಕಿಕೊಳ್ಳುತ್ತದೆ. ಎಳೆದಷ್ಟೂ ಬಿಗಿಯುತ್ತದೆ. ಮರೆಯಲ್ಲಿ ಕುಳಿತ ಬೇಟೆಗಾರ ಎದ್ದು ಬಂದು ಅದನ್ನು ಹಿಡಿಯುತ್ತಾನೆ. ಬಾಣ ಬೇಡ, ಕುದುರೆ ಬೇಡ. ಪ್ರಾಣಿಯ ಸ್ವಭಾವವೇ ಅದಕ್ಕೆ ಬಲೆ.

ಅಕ್ಬರ್ ಚಕ್ರವರ್ತಿಯ ಆಸ್ಥಾನದಲ್ಲಿ ಅಬುಲ್ ಫಜಲ್ ಬರೆದ 'ಐನ್-ಎ-ಅಕ್ಬರಿ'ಯಲ್ಲಿ ಮೃಗದಿಂದ ಮೃಗವನ್ನು ಹಿಡಿಯುವ ಈ ಕ್ರಮದ ವಿವರಣೆ ಇದೆ. ಅರಮನೆಯಲ್ಲಿ ಇಂತಹ ಪಳಗಿದ ಮೃಗಗಳಿಗೆ ಹೆಸರುಗಳಿದ್ದವು, ಪಾಲಕರಿದ್ದರು, ದಿನದ ಆಹಾರ ಇಷ್ಟೆಂದು ಗೊತ್ತುಮಾಡಲಾಗಿತ್ತು.

ಬೇಟೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಮೊಗಲರು ಮಾತ್ರ ಎಂದು ಭಾವಿಸಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳಲ್ಲಿ ಒಂದಾಗಿ ಬೇಟೆಯ ವಿಧಾನಗಳನ್ನು ವಿಸ್ತಾರವಾಗಿ ಹೇಳಿದೆ. ಪಳಗಿಸಿದ ಚೀತಾವನ್ನು ಬಿಟ್ಟು ಮೃಗಗಳನ್ನು ಹಿಡಿಸುವ ಬಗ್ಗೆ ಭಾರತದಲ್ಲಿ ಸಿಗುವ ಮೊದಲ ದಾಖಲೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಂದರೆ ಕರ್ನಾಟಕದ ಬಯಲು ಈ ವಿದ್ಯೆಯ ಹಳೆಯ ಶಾಲೆ.

ಚೀತಾ ಬೇಟೆಯ ತಂತ್ರ

ಇಂದು ನಾವು ಚಿರತೆ ಎನ್ನುವ ಪ್ರಾಣಿ ಬೇರೆ, ಚೀತಾ ಬೇರೆ. ಚೀತಾಕ್ಕೆ ಹಳೆಯ ಕನ್ನಡದಲ್ಲಿ 'ಶಿವಂಗಿ' ಎಂಬ ಹೆಸರಿತ್ತು. ಅದು ಮನುಷ್ಯನಿಗೆ ಬೇಗ ಒಗ್ಗುವ, ಸ್ವಲ್ಪ ದೂರ ಮಾತ್ರ ಮಿಂಚಿನಂತೆ ಓಡಬಲ್ಲ ಪ್ರಾಣಿ. ಕೃಷ್ಣಮೃಗ ಅದರ ಸಹಜ ಆಹಾರ. ಇವೆರಡರ ಗುಣವನ್ನೂ ಬಲ್ಲ ಬೇಟೆಗಾರರು ಮೂರು ಸಂಗತಿಗಳನ್ನು ಗಮನಿಸಿದ್ದರು.

ಮೊದಲನೆಯದು, ಕೃಷ್ಣಮೃಗ ಕಾಲ್ನಡಿಗೆಯ ಮನುಷ್ಯನನ್ನು ಕಂಡರೆ ಓಡುತ್ತದೆ, ಆದರೆ ಹೊಲದ ಎತ್ತಿನ ಗಾಡಿಗೆ ಹೆದರುವುದಿಲ್ಲ. ಆದ್ದರಿಂದ ಚೀತಾದ ಕಣ್ಣಿಗೆ ಪಟ್ಟಿ ಕಟ್ಟಿ, ಎತ್ತಿನ ಗಾಡಿಯ ಮೇಲೆ ಕೂರಿಸಿ, ಹಿಂಡಿನ ಸುತ್ತ ಸುತ್ತುಹಾಕುತ್ತಾ ನಿಧಾನವಾಗಿ ಹತ್ತಿರವಾಗುತ್ತಿದ್ದರು. ಎರಡನೆಯದು, ಚೀತಾ ಕೆಲವು ನೂರು ಗಜ ಓಡಿದ ಮೇಲೆ ದಣಿದು ನಿಲ್ಲುತ್ತದೆ. ಆದ್ದರಿಂದ ಸುಮಾರು ನೂರು ಗಜದ ಅಂತರ ಸಿಗುವವರೆಗೂ ಪಟ್ಟಿ ಬಿಚ್ಚುತ್ತಿರಲಿಲ್ಲ. ಮೂರನೆಯದು, ಬಯಲಿನಲ್ಲಿ ಎದ್ದುಕಾಣುವುದು ಕಪ್ಪು ಗಂಡು. ಹೆಣ್ಣುಗಳು ಓಡಿಹೋದರೂ ಬೆದೆಗೆ ಬಂದ ಗಂಡು ಠಾವು ಬಿಡಲು ಹಿಂದೆಮುಂದೆ ನೋಡುತ್ತದೆ. ಆ ಒಂದು ಕ್ಷಣದ ತಡವೇ ಚೀತಾಕ್ಕೆ ಸಾಕು.

ಚೀತಾ ಮೃಗವನ್ನು ಕೆಡವಿ ಗಂಟಲು ಹಿಡಿದ ಕೂಡಲೇ ಪಾಲಕ ಓಡಿಬಂದು ಬೇಟೆಯನ್ನು ಜಬಹ್ ಮಾಡುತ್ತಿದ್ದ. ಮರದ ಸೌಟಿನಲ್ಲಿ ರಕ್ತವನ್ನು ಹಿಡಿದು ಚೀತಾದ ಮೂತಿಗೆ ಒಡ್ಡಿ, ಅದು ಹಿಡಿತ ಬಿಟ್ಟೊಡನೆ ಮತ್ತೆ ಕಣ್ಣುಪಟ್ಟಿ ಕಟ್ಟುತ್ತಿದ್ದ. ಈ ಪಾಲಕರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು. ಅರಸರ ಹೆಸರುಗಳು ಇತಿಹಾಸದಲ್ಲಿ ಉಳಿದವು. ರಾತ್ರಿಯೆಲ್ಲ ಚೀತಾದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಅದನ್ನು ಪಳಗಿಸಿದವರ ಹೆಸರುಗಳು ಉಳಿಯಲಿಲ್ಲ.

ಶಿರಾದಿಂದ ಶ್ರೀರಂಗಪಟ್ಟಣಕ್ಕೆ

ನಮ್ಮ ಪ್ರದೇಶದ ಚರಿತ್ರೆಗೂ ಈ ಕಥೆಗೂ ಸಂಬಂಧವಿದೆ. ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಯಲ್ಲಿ ಮಲಿಕ್ ರಿಹಾನ್ ಶಿರಾದ ಅಧಿಕಾರಿಯಾಗಿದ್ದನು. ಅವನ ಗೋರಿ ಇಂದಿಗೂ ಅಲ್ಲಿದೆ. 1687ರಲ್ಲಿ ಮೊಗಲರು ಈ ಭಾಗವನ್ನು ವಶಪಡಿಸಿಕೊಂಡಾಗ ಶಿರಾ ಒಂದು ಸುಬಾದ ಮುಖ್ಯ ಪಟ್ಟಣವಾಯಿತು. 1696ರಲ್ಲಿ ಕಟ್ಟಿದ ಜಾಮಿಯಾ ಮಸೀದಿ ಆ ಕಾಲದ ಸಾಕ್ಷಿ. ದೆಹಲಿ, ಆಗ್ರಾಗಳ ಉದ್ಯಾನ, ಕಟ್ಟಡ, ದಫ್ತರು, ಪಾರಸಿ ಭಾಷೆಯ ರೀತಿಗಳು ಶಿರಾದ ಮೂಲಕ ಮೈಸೂರು ಸೀಮೆಗೆ ಇಳಿದವು. 1761ರಲ್ಲಿ ಶಿರಾ ಹೈದರ್ ಅಲಿಯ ಕೈಸೇರಿತು. 'ಶಿರಾದ ನವಾಬ'ನೆಂಬ ಪದವಿಯೂ ಅವನಿಗೆ ದೊರೆಯಿತು.

ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ಬೇಟೆಯ ಚೀತಾಗಳನ್ನು ಸಾಕಲಾಗುತ್ತಿತ್ತು. 1799ರ ಮೇ 4ರಂದು ಸುಲ್ತಾನನು ಹುತಾತ್ಮನಾದ ಮೇಲೆ ಅರಮನೆಯ ಖಜಾನೆಯೊಂದಿಗೆ ಚೀತಾಗಳೂ ಅವುಗಳ ಪಾಲಕರೂ ಇಂಗ್ಲಿಷರ ವಶವಾದರು. ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್, ಆ ಚೀತಾಗಳನ್ನು ಇಟ್ಟುಕೊಂಡು ಕೃಷ್ಣಮೃಗದ ಬೇಟೆಯಾಡಿದನು. ರಾಜ್ಯ ಕೈಬದಲಾಯಿತು, ಬೇಟೆಯ ಗಾಡಿ ಮಾತ್ರ ಅದೇ ಬಯಲಿನಲ್ಲಿ ಉರುಳುತ್ತಲೇ ಇತ್ತು.

ಇದಕ್ಕೆ ಮುಂಚೆಯೇ ನಡೆದ ಇನ್ನೊಂದು ಘಟನೆ ವಿದ್ಯಾರ್ಥಿಗಳಿಗೆ ಕುತೂಹಲ ಹುಟ್ಟಿಸೀತು. ಮದ್ರಾಸಿನ ಗವರ್ನರ್ ಆಗಿದ್ದ ಜಾರ್ಜ್ ಪಿಗಟ್ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ಗೆ ಒಂದು ಚೀತಾವನ್ನು ಕಾಣಿಕೆಯಾಗಿ ಕೊಟ್ಟನು. 1764ರಲ್ಲಿ ವಿಂಡ್ಸರ್‌ನ ಉದ್ಯಾನದಲ್ಲಿ ಅದನ್ನು ಒಂದು ದೊಡ್ಡ ಗಂಡು ಜಿಂಕೆಯ ಮೇಲೆ ಬಿಟ್ಟು ನೋಡಿದರು. ಜಿಂಕೆ ತಿರುಗಿ ನಿಂತು ಕೊಂಬು ಬೀಸಿ ಚೀತಾವನ್ನೇ ಹಿಮ್ಮೆಟ್ಟಿಸಿತು. ಚೀತಾ ಬೇಲಿ ದಾಟಿ ಹೋಗಿ ಬೇರೊಂದು ಸಣ್ಣ ಜಿಂಕೆಯನ್ನು ಕೊಂದಿತು. ಜಾರ್ಜ್ ಸ್ಟಬ್ಸ್ ಎಂಬ ಪ್ರಸಿದ್ಧ ಚಿತ್ರಕಾರ ಬರೆದ ಚಿತ್ರದಲ್ಲಿ ಚೀತಾ, ಜಿಂಕೆ ಮತ್ತು ಇಬ್ಬರು ಭಾರತೀಯ ಪಾಲಕರು ಇದ್ದಾರೆ. ಆ ಚಿತ್ರ ಈಗ ಮ್ಯಾಂಚೆಸ್ಟರಿನ ಕಲಾಶಾಲೆಯಲ್ಲಿದೆ. ಚೀತಾವನ್ನು ಹಡಗಿನಲ್ಲಿ ಸಾಗಿಸಬಹುದು. ಅದಕ್ಕೆ ಬೇಕಾದ ಬಯಲನ್ನೂ ಕೃಷ್ಣಮೃಗವನ್ನೂ ಸಾಗಿಸಲಾಗದು ಎಂಬುದು ಅಂದು ರುಜುವಾತಾಯಿತು.

ಹಿಡಿದದ್ದೇ ಹೆಚ್ಚು, ಹುಟ್ಟಿದ್ದು ಇಲ್ಲ

ಚೀತಾ ಬೇಟೆಗೆ ಒಂದು ದೊಡ್ಡ ದೋಷವಿತ್ತು. ಆಗ ಸಾಕಿದ ಚೀತಾ ಮರಿ ಹಾಕುವುದು ತೀರಾ ಅಪರೂಪವಾಗಿತ್ತು. ಅಕ್ಬರನಲ್ಲಿ ಸುಮಾರು 1000 ಚೀತಾಗಳಿದ್ದವೆಂದು ಹೇಳಲಾಗುತ್ತದೆ. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ, ಸಾಕಿದ ಚೀತಾವೊಂದು ಮೂರು ಮರಿ ಹಾಕಿದ್ದನ್ನು ಒಂದು ವಿಸ್ಮಯವೆಂಬಂತೆ 1613ರಲ್ಲಿ ದಾಖಲಿಸಿದ್ದಾನೆ. ಅಷ್ಟು ಅಪರೂಪ ಅದು. ಹಾಗಾದರೆ ಅರಮನೆಗಳಲ್ಲಿದ್ದ ಚೀತಾಗಳೆಲ್ಲ ಎಲ್ಲಿಂದ ಬಂದವು? ಎಲ್ಲವೂ ಬಯಲಿನಿಂದ ಹಿಡಿದು ತಂದವು. ತಾಯಿಯಿಂದ ಬೇಟೆ ಕಲಿತ ದೊಡ್ಡ ಪ್ರಾಣಿಯನ್ನೇ ಹಿಡಿಯಬೇಕಾಗಿತ್ತು, ಏಕೆಂದರೆ ಮರಿಗೆ ಬೇಟೆ ಬಾರದು. ಅಂದರೆ ಮರಿ ಹಾಕಬಲ್ಲ ವಯಸ್ಸಿನ ಚೀತಾಗಳನ್ನು ಶತಮಾನಗಳ ಕಾಲ ಬಯಲಿನಿಂದ ಹೊರತೆಗೆಯಲಾಯಿತು.

ಬ್ರಿಟಿಷರ ಕಾಲದಲ್ಲಿ ಚೀತಾ ಕೊಂದವರಿಗೆ ಇನಾಮು ಕೊಡುವ ಪದ್ಧತಿಯೂ ಸೇರಿಕೊಂಡಿತು. 20ನೆಯ ಶತಮಾನದ ಆರಂಭದ ಹೊತ್ತಿಗೆ ಭಾರತದ ಚೀತಾ ಎಷ್ಟು ವಿರಳವಾಯಿತೆಂದರೆ ಕೊಲ್ಲಾಪುರ, ಭಾವನಗರ ಸಂಸ್ಥಾನಗಳು ಆಫ್ರಿಕಾದಿಂದ ಚೀತಾ ತರಿಸಿಕೊಳ್ಳಬೇಕಾಯಿತು. ಸ್ವಾತಂತ್ರ್ಯ ಬಂದ ಸುಮಾರಿಗೆ ಈಗಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದಲ್ಲಿ ಕೊನೆಯ ಮೂರು ಚೀತಾಗಳು ಗುಂಡಿಗೆ ಬಲಿಯಾದವು. 1952ರಲ್ಲಿ ಅದು ದೇಶದಿಂದ ನಿರ್ನಾಮವಾಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು. ಕಳೆದುಕೊಂಡದ್ದನ್ನು ಮತ್ತೊಂದು ಖಂಡದಿಂದ ತರಬೇಕಾದ ಪರಿಸ್ಥಿತಿ ನಮ್ಮದು.

ಚೀತಾ ಹೋದ ಮೇಲೂ ಕೃಷ್ಣಮೃಗಕ್ಕೆ ನೆಮ್ಮದಿ ಸಿಗಲಿಲ್ಲ. ಬಂದೂಕು ಬಂತು, ಆಮೇಲೆ ಜೀಪು ಬಂತು, ರಾತ್ರಿಯ ಕಣ್ಣುಕೋರೈಸುವ ದೀಪ ಬಂತು. ಹಿಂದಿನ ಬೇಟೆಗಾರ ಪ್ರಾಣಿಯ ನಡೆಯನ್ನು ದಿನಗಟ್ಟಲೆ ಓದಬೇಕಾಗಿತ್ತು. ಜೀಪಿನಲ್ಲಿ ಕುಳಿತವನಿಗೆ ಏನನ್ನೂ ಓದುವ ಅಗತ್ಯವಿರಲಿಲ್ಲ. ಅದರಲ್ಲೂ ಗೋಡೆಗೆ ತೂಗುಹಾಕಲು ಉದ್ದ ಕೊಂಬಿನ ಗಂಡನ್ನೇ ಆರಿಸುತ್ತಿದ್ದರಿಂದ, ಠಾವು ಹಿಡಿದು ಮುಂದಿನ ಪೀಳಿಗೆಗೆ ತಂದೆಯಾಗಬೇಕಾದ ಬಲಿಷ್ಠ ಪ್ರಾಣಿಯೇ ಮೊದಲು ಬೀಳುತ್ತಿತ್ತು.

ಅಪರಾಧಿ ಯಾರು?

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಅರಸರು, ಅಧಿಕಾರಿಗಳು ವಿನೋದಕ್ಕಾಗಿ ಬೇಟೆಯಾಡುತ್ತಿದ್ದ ಬಯಲಿನಲ್ಲೇ ಹೊಟ್ಟೆಪಾಡಿಗಾಗಿ ಬೇಟೆಯಾಡುವ ಜನರೂ ಇದ್ದರು. ಪಾರ್ಧಿಗಳು, ಉತ್ತರ ಕರ್ನಾಟಕದ ಹರಣಶಿಕಾರಿಗಳು, ಹಕ್ಕಿಪಿಕ್ಕಿಗಳು ಇಂತಹವರು. ಪಾರ್ಧಿಗಳು ಉದ್ದನೆಯ ಹಗ್ಗಕ್ಕೆ ಸಾಲಾಗಿ ಉರುಲು ಕಟ್ಟಿ ಗೂಟ ಹೊಡೆದು, ಪಳಗಿದ ದನದ ಮರೆಯಲ್ಲಿ ನಡೆಯುತ್ತಾ ಹಿಂಡನ್ನು ಉರುಲಿನತ್ತ ನಿಧಾನವಾಗಿ ತಿರುಗಿಸುತ್ತಿದ್ದರು. ಪ್ರಾಣಿಯ ಸ್ವಭಾವದ ಬಗ್ಗೆ ಅವರಷ್ಟು ಬಲ್ಲವರು ವಿಶ್ವವಿದ್ಯಾಲಯಗಳಲ್ಲೂ ಇರಲಿಲ್ಲ.

1871ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಬಲೆಗೆ ಕಾಲಕ್ರಮದಲ್ಲಿ ಪಾರ್ಧಿಗಳಂತಹ ಅನೇಕ ಅಲೆಮಾರಿ ಸಮುದಾಯಗಳು ಸಿಕ್ಕಿಬಿದ್ದವು. ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ, ಠಾಣೆಯಲ್ಲಿ ಹಾಜರಿ, ಊರು ಬಿಡಲು ಅನುಮತಿ. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ರದ್ದುಮಾಡಿತು. ಹಣೆಪಟ್ಟಿ ಮಾತ್ರ ಜನರ ಮನಸ್ಸಿನಿಂದ ಪೂರ್ತಿ ಅಳಿಯಲಿಲ್ಲ. ಗಾಡಿಯ ಮೇಲಿನ ಬೇಟೆಗೆ ಚಿತ್ರಪಟದ ಗೌರವ, ಗುಡಿಸಲಿನವನ ಬೇಟೆಗೆ ಬೇಡಿ. ಒಂದು ಸಮುದಾಯವನ್ನು ಇಡಿಯಾಗಿ ಅನುಮಾನದಿಂದ ನೋಡುವುದು ಎಂತಹ ಅನ್ಯಾಯವೆಂದು ತಿಳಿಯಬಲ್ಲ ನಾವು ಈ ಅಧ್ಯಾಯವನ್ನು ಮರೆಯಬಾರದು. ಹಾಗೆಂದು ಇಂದಿನ ಕಳ್ಳಬೇಟೆಯನ್ನು ಸಮರ್ಥಿಸಬೇಕಾಗಿಲ್ಲ. ಪ್ರಾಣಿಯನ್ನು ಉಳಿಸುವ ಹೊಣೆ ಬಡವನ ಹೆಗಲಿಗೆ ಮಾತ್ರ ಬೀಳಬಾರದು ಎಂಬುದಷ್ಟೇ ಮಾತು.

ಜಹಾಂಗೀರನ ಮಿನಾರು

ಬೇಟೆಯ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದ ಪ್ರಸಂಗ ಜಹಾಂಗೀರನದು. ತಾನು 12ನೆಯ ವಯಸ್ಸಿನಿಂದ 50ನೆಯ ವಯಸ್ಸಿನವರೆಗೆ ನಡೆಸಿದ ಬೇಟೆಗಳ ಲೆಕ್ಕವನ್ನು ಆತ ಬರೆಸಿದ್ದಾನೆ. ಒಟ್ಟು 28,532 ಪ್ರಾಣಿಪಕ್ಷಿಗಳು. ಅವುಗಳಲ್ಲಿ 17,167 ತನ್ನ ಕೈಯಿಂದಲೇ ಸತ್ತವು. ಇಂತಹ ಬೇಟೆಗಾರನಿಗೆ ಒಂದು ಕೃಷ್ಣಮೃಗ ಮಂಕುಬೂದಿ ಎರಚಿತು. ಅದರ ಹೆಸರು ಮನ್ಸ್‌ರಾಜ್. ಇಂದಿನ ಪಾಕಿಸ್ತಾನದಲ್ಲಿರುವ ಶೇಖೂಪುರದ ಬಯಲಿನಲ್ಲಿ ಹಿಡಿದ ಆ ಮೃಗ ಒಂದೇ ತಿಂಗಳಲ್ಲಿ ಪಳಗಿ, ಅರಮನೆಯ ಮೃಗಗಳಲ್ಲೆಲ್ಲ ಮುಂದಾಳಾಯಿತು. ಪಳಗಿದ ಮೃಗಗಳೊಡನೆ ಕಾದುವುದರಲ್ಲೂ ಕಾಡುಮೃಗಗಳನ್ನು ಹಿಡಿಸುವುದರಲ್ಲೂ ಅದಕ್ಕೆ ಸಾಟಿಯಿರಲಿಲ್ಲ. ಅಂದರೆ ನಾವು ಮೇಲೆ ನೋಡಿದ ಉರುಲಿನ ಬೇಟೆಯ ನಾಯಕ ಅದು.

ಅದು ಸತ್ತಾಗ ಜಹಾಂಗೀರನು ಅದಕ್ಕೆ ಗೋರಿ ಕಟ್ಟಿಸಿ, ಹತ್ತಿರ ಒಂದು ಮಿನಾರನ್ನೂ ಎಬ್ಬಿಸಿದನು. ಗೋರಿಯ ಕಲ್ಲಿನ ಬರಹವನ್ನು ಆ ಕಾಲದ ಹೆಸರಾಂತ ಲಿಪಿಕಾರ ಮುಲ್ಲಾ ಮುಹಮ್ಮದ್ ಹುಸೇನ್ ಕಾಶ್ಮೀರಿ ಬರೆದನು. 'ಹಿರನ್ ಮಿನಾರ್' ಇಂದಿಗೂ ನಿಂತಿದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಆತ ಹೊರಡಿಸಿದ ಆಜ್ಞೆ. ಆ ಬಯಲಿನ ಮೃಗಗಳನ್ನು ಯಾರೂ ಬೇಟೆಯಾಡಕೂಡದು; ಅವುಗಳ ಮಾಂಸ ಹಿಂದೂಗಳಿಗೆ ಗೋಮಾಂಸದಂತೆ, ಮುಸ್ಲಿಮರಿಗೆ ಹಂದಿಯ ಮಾಂಸದಂತೆ ಎಂಬ ಅರ್ಥದ ಕಟ್ಟಪ್ಪಣೆ ಅದು. ಎರಡೂ ಸಮುದಾಯಗಳ ಮನಸ್ಸಿಗೆ ಒಟ್ಟಿಗೆ ತಾಗುವಂತೆ ನಾಲ್ಕುನೂರು ವರ್ಷಗಳ ಹಿಂದೆ ಒಬ್ಬ ದೊರೆ ಕಂಡುಕೊಂಡ ಮಾತು ಇದು. ಬೇಟೆಗೆ ಬಳಸಿದ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದೇ ಆ ಬಯಲಿನ ರಕ್ಷಣೆಗೆ ಕಾರಣವಾಯಿತು.

ಧರ್ಮದ ಅಂಕೆ

ಇಸ್ಲಾಮಿನಲ್ಲಿ ಆಹಾರಕ್ಕಾಗಿ ಬೇಟೆ ಅನುಮತಿಸಲ್ಪಟ್ಟಿದೆ. ಪಳಗಿಸಿದ ಪ್ರಾಣಿಯ ಮೂಲಕ ಹಿಡಿದ ಬೇಟೆಯ ನಿಯಮಗಳು ಸೂರಃ ಅಲ್ ಮಾಇದಃದಲ್ಲಿವೆ. ಆದರೆ ಅದೇ ಸೂರಃ ಬೇಟೆಗೆ ಬೇಲಿಯನ್ನೂ ಹಾಕುತ್ತದೆ. ಹಜ್ಜ್‌ಗಾಗಿ ಇಹ್ರಾಮ್ ಧರಿಸಿದವನು ನೆಲದ ಮೇಲಿನ ಬೇಟೆಯಾಡುವಂತಿಲ್ಲ. ಆಡಿದರೆ ಪ್ರಾಯಶ್ಚಿತ್ತ ತೆರಬೇಕು. ಅದರ 94ನೆಯ ಸೂಕ್ತದ ಸಾರ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು. ಬೇಟೆಯ ಪ್ರಾಣಿ ಕೈಗೂ ಈಟಿಗೂ ಸುಲಭವಾಗಿ ಎಟುಕುವಂತೆ ಬಂದು ನಿಲ್ಲುವುದೇ ವಿಶ್ವಾಸಿಗೆ ಒಂದು ಪರೀಕ್ಷೆ ಎಂದು ಅಲ್ಲಿ ಹೇಳಲಾಗಿದೆ. ದೂರ ಓಡುವ ಪ್ರಾಣಿಯನ್ನು ಬಿಡುವುದು ಸಂಯಮವಲ್ಲ. ಕೈಗೆಟುಕಿದ್ದನ್ನು ಬಿಡುವುದು ಸಂಯಮ.

ಮಕ್ಕಾ ಮತ್ತು ಮದೀನಾದ ಹರಮ್ ಪ್ರದೇಶಗಳಲ್ಲಿ ಬೇಟೆ ನಿಷಿದ್ಧ. ಮದೀನಾದಲ್ಲಿ ಜಿಂಕೆಗಳು ಮೇಯುವುದನ್ನು ಕಂಡರೂ ತಾನು ಅವುಗಳನ್ನು ಬೆದರಿಸಲಾರೆ ಎಂಬ ಹಜ್ರತ್ ಅಬೂ ಹುರೈರಾ(ರ)ರ ಮಾತು ಹದೀಸ್ ಸಂಗ್ರಹಗಳಲ್ಲಿದೆ. ಜೀವವಿರುವ ಯಾವುದನ್ನೂ ಗುರಿ ಅಭ್ಯಾಸಕ್ಕೆ ಬಳಸಬಾರದೆಂದು ಪ್ರವಾದಿ(ಸ)ಯವರು ತಡೆದಿದ್ದಾರೆ. ಹುಲ್ಲುಗಾವಲನ್ನು ಸಾರ್ವಜನಿಕ ಹಿತಕ್ಕಾಗಿ ಕಾಯ್ದಿರಿಸುವ 'ಹಿಮಾ' ಎಂಬ ವ್ಯವಸ್ಥೆ ಅರಬ್ ನಾಡಿನಲ್ಲಿ ಅಂದಿನಿಂದಲೇ ನಡೆದುಬಂದಿದೆ. ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ರೆಕ್ಕೆಯ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂಬ ತಿಳಿವಳಿಕೆ ಸೂರಃ ಅಲ್ ಅನ್‌ಆಮ್‌ನಲ್ಲಿದೆ. ಬೆದೆಗಾಲದಲ್ಲಿ ಠಾವು ಕಾಯುತ್ತಾ ಸುತ್ತುವ ಕೃಷ್ಣಮೃಗವನ್ನು ಕಂಡವನಿಗೆ ಅದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಅದಕ್ಕೂ ಮನೆಯಿದೆ, ಗಡಿಯಿದೆ, ಮರ್ಯಾದೆಯಿದೆ.

ಕಾನೂನು ಮತ್ತು ಕಾವಲು

ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ನಿಬಂಧನೆ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಕೃಷ್ಣಮೃಗ ಅದರ ಮೊದಲ ಅನುಸೂಚಿಯಲ್ಲಿದೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕೊಂದವರಿಗೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ; 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿ ದಂಡವೂ ಇದೆ. ಗೆಳೆಯರ ಒತ್ತಾಯಕ್ಕೆ, ಒಂದು ರಾತ್ರಿಯ ಮೋಜಿಗೆ ಬೈಕು ಹತ್ತುವ ಹುಡುಗ ತನ್ನ ಓದು, ಉದ್ಯೋಗ, ತಂದೆತಾಯಿಯ ಮಾನ ಎಲ್ಲವನ್ನೂ ಪಣಕ್ಕೆ ಒಡ್ಡಿರುತ್ತಾನೆ.

ಆದರೆ ಕಾನೂನು ಪ್ರಾಣಿಯನ್ನು ಕಾಯಬಹುದು. ಪ್ರಾಣಿಗೆ ಬೇಕಾದ ಬಯಲನ್ನು ಕಾಯುವವರು ಯಾರು? ನಮ್ಮ ಬಯಲುಸೀಮೆಯ ಹುಲ್ಲುಗಾವಲುಗಳು ಉಳಿದುಬಂದದ್ದು ಬಹುಮಟ್ಟಿಗೆ ಅಮೃತ ಮಹಲ್ ಕಾವಲುಗಳಿಂದ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂದು ಹೆಸರಿಟ್ಟು ವ್ಯವಸ್ಥೆಗೊಳಿಸಿದನು. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳಿಗಾಗಿ ಕಾಯ್ದಿರಿಸಿದ ಆ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ, ನರಿ, ಎರ್ಲಡ್ಡು ಹಕ್ಕಿಗಳೂ ಆಶ್ರಯ ಪಡೆದವು. ಅವುಗಳಲ್ಲಿ ಬಹುಪಾಲು ಇಂದು ಸಾಗುವಳಿಗೆ, ನೆಡುತೋಪಿಗೆ, ಕಟ್ಟಡಗಳಿಗೆ ಹೋಗಿವೆ. ನೆರೆಯ ಚಳ್ಳಕೆರೆಯಲ್ಲಿ 2008ರ ನಂತರ ಸಾವಿರಾರು ಎಕರೆ ಕಾವಲು ಭೂಮಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಮಾಡಿರುವುದು ಸಮಾಧಾನದ ಸಂಗತಿ. ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲಿಗೆ 'ಬಂಜರು' ಎಂದು ಬರೆಯುವ ಅಭ್ಯಾಸವೇ ದೊಡ್ಡ ಬೇಟೆ. ಒಮ್ಮೆ ಬಂಜರು ಎಂದಮೇಲೆ ಅದನ್ನು ಯಾರು ಏನು ಮಾಡಿದರೂ ಕೇಳುವವರಿಲ್ಲ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು. ಅದರ ವಿಸ್ತಾರ 119 ಚದರ ಕಿಲೋಮೀಟರ್. ಮೈದನಹಳ್ಳಿಯದು ಸುಮಾರು 3.23 ಚದರ ಕಿಲೋಮೀಟರ್ ಮಾತ್ರ. ಅದರಲ್ಲೂ ಒಂದಷ್ಟು ಭಾಗ ನೀಲಗಿರಿ ತೋಪು. ಠಾವು ಹಿಡಿಯುವ ಗಂಡೊಂದಕ್ಕೇ ಎಕರೆಗಟ್ಟಲೆ ಬಯಲು ಬೇಕು. ಜಾಗ ಸಾಲದೆ ಮೃಗಗಳು ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿದ ರೈತನ ಸಂಕಟವೂ ಸುಳ್ಳಲ್ಲ. ಅವನ ನಷ್ಟಕ್ಕೆ ಸಕಾಲದಲ್ಲಿ ತಕ್ಕ ಪರಿಹಾರ ಸಿಗದಿದ್ದರೆ ಜಿಂಕೆಯ ಪರವಾಗಿ ಮಾತನಾಡುವ ಹಕ್ಕು ಪಟ್ಟಣದವರಿಗೆ ಇರುವುದಿಲ್ಲ. ಬೀದಿನಾಯಿಗಳ ಹಿಂಡು, ರಸ್ತೆಯ ವಾಹನ, ಬಾಯಿ ತೆರೆದ ಬಾವಿ ಇವೂ ಮೃಗದ ಶತ್ರುಗಳೇ.

ವಿದ್ಯಾರ್ಥಿಗಳಿಗೆ

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದೆ. ಬರುವ ಶರತ್ಕಾಲದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಶಿಕ್ಷಕರೊಡನೆ ಮೈದನಹಳ್ಳಿಗೆ ಹೋಗಿ. ಬೆಳಗಿನ ಹೊತ್ತು ದೂರದಲ್ಲಿ ಸುಮ್ಮನೆ ಕುಳಿತು ಒಂದು ಕಪ್ಪು ಗಂಡನ್ನು ಎರಡು ಗಂಟೆ ನೋಡಿ. ಅದು ಎಲ್ಲಿ ಹಿಕ್ಕೆ ಹಾಕುತ್ತದೆ, ಯಾವ ಪೊದೆಗೆ ಮುಖ ಸವರುತ್ತದೆ, ಯಾರನ್ನು ಓಡಿಸುತ್ತದೆ, ಯಾರನ್ನು ಬಿಡುತ್ತದೆ ಎಂದು ಬರೆದುಕೊಳ್ಳಿ. ಹಳ್ಳಿಯ ಹಿರಿಯರನ್ನು, ಕುರಿ ಕಾಯುವವರನ್ನು ಮಾತನಾಡಿಸಿ; ಅವರ ನೆನಪಿನಲ್ಲಿ ಬಯಲು ಎಲ್ಲಿಯವರೆಗೆ ಇತ್ತು ಎಂದು ಕೇಳಿ. ಅದನ್ನೇ ಬರೆದು ಮುಂದಿನ ಸಂಚಿಕೆಗೆ ಕೊಡಿ. ನಾಳೆ ನಮ್ಮ ತಾಲ್ಲೂಕಿನ ಇತಿಹಾಸ ಬರೆಯುವವರಿಗೆ ಅದೇ ಆಧಾರವಾದೀತು.

ಹಿಂದಿನ ಬೇಟೆಗಾರನ ಬಳಿಯಿದ್ದ ತಾಳ್ಮೆ, ಸೂಕ್ಷ್ಮ ದೃಷ್ಟಿ, ಪ್ರಾಣಿಯ ಅರಿವು ಇವೆಲ್ಲ ವ್ಯರ್ಥವಾಗಬೇಕಾಗಿಲ್ಲ. ಕೊನೆಯಲ್ಲಿ ಬೀಳುವ ಉರುಲು ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ವಿದ್ಯೆಯೇ. ಉತ್ತರೆ ಮಳೆಯ ನಂತರದ ಬಯಲಿನಲ್ಲಿ ಕೃಷ್ಣಮೃಗ ಇಂದಿಗೂ ತನ್ನ ಠಾವು ಬಿಡದೆ ನಿಲ್ಲುತ್ತದೆ, ನಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿ. ಆ ಪರೀಕ್ಷೆಯಲ್ಲಿ ನಮ್ಮ ಪೀಳಿಗೆ ಉತ್ತೀರ್ಣವಾಗಲೆಂದು ಅಲ್ಲಾಹನಲ್ಲಿ ಪ್ರಾರ್ಥಿಸೋಣ. ಆಮೀನ್.